ಬಲಗಡೆ ಜೇಬಿನ ಕೋಟು

ಅತ್ತೆ,

ನೀವಿದ್ದಾಗ ನನ್ನ ಬಾಯಿಂದ ಬರದೇ ಹೋದ ಮಾತೊಂದನ್ನು ಈಗ ಬರೆಯುತ್ತಿದ್ದೇನೆ. ಮುನಿಸಿಕೊಂಡಾದರೂ ಪೂರ್ತಿ ಓದಿ.

ಬ್ರಿಸ್ಬೇನಿಗೆ ನೀವು ಬಂದ ಮೊದಲ ವಾರ ನೆನಪಿದೆಯೇ? ನಿಮ್ಮ ಮಗ ಆಫೀಸಿಗೆ ಹೋದ ಮೇಲೆ ಸೇಂಟ್ ಲೂಸಿಯಾದ ಆ ಪುಟ್ಟ ಫ್ಲ್ಯಾಟಿನಲ್ಲಿ ನಾವಿಬ್ಬರೇ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅದರಲ್ಲಿ ಅಗಲ ಟೋಪಿಯ ಕೌಬಾಯ್‌ಗಳು ಫಿನ್‌ಲ್ಯಾಂಡಿನ ಭಾಷೆಯಲ್ಲಿ ಜಗಳವಾಡುತ್ತಿದ್ದರು.

“ಏನಮ್ಮ, ಬೆಳಗಿಂದ ಸಿನಿಮಾ ನೋಡ್ತಾನೇ ಇದೀಯ?”

“ಇದೇ ನನ್ನ ಪಿಎಚ್‌ಡಿ ಅತ್ತೆ. ಫಿನ್‌ಲ್ಯಾಂಡು, ಸ್ವೀಡನ್ನಲ್ಲೂ ಕೌಬಾಯ್ ಸಿನಿಮಾ ಮಾಡಿದಾರೆ. ಯಾರೂ ಸರಿಯಾಗಿ ನೋಡಿಲ್ಲ, ಅಷ್ಟೆ.”

“ಯಾರೂ ನೋಡ್ದೇ ಇರೋದನ್ನ ಓದೋಕೆ ಇಷ್ಟು ದೂರ ಬಂದ್ಯಾ?”

ನನಗೆ ಉರಿದುಹೋಯಿತು. ಯಾಕೆಂದರೆ ನನ್ನ ಗೈಡ್ ಕೂಡ ಹಿಂದಿನ ದಿನವಷ್ಟೇ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. ಬರೀ ಕಥೆ ಹೇಳುತ್ತಿದ್ದೀಯ, ಹೊಸದೇನೂ ಸಿಗದಿದ್ದರೆ ವಿಷಯ ಬದಲಿಸು ಎಂದಿದ್ದರು. ಅದನ್ನು ನಿಮಗೆ ಹೇಗೆ ಹೇಳಲಿ? ನಿಮ್ಮ ಮುಂದೆ ಸೋಲೊಪ್ಪಿಕೊಳ್ಳುವಷ್ಟು ಸಲಿಗೆ ನಮ್ಮ ನಡುವೆ ಆಗ ಎಲ್ಲಿತ್ತು...

ಒಂದು ಮಧ್ಯಾಹ್ನ ಹುರುಳಿಕಾಯಿ ಬಿಡಿಸುತ್ತ ನೀವೇ ನನ್ನ ಪಕ್ಕ ಬಂದು ಕೂತಿರಿ. ಕಪ್ಪು-ಬಿಳುಪಿನ ಚಿತ್ರ, ಮರಳುಗಾಡೆಂದು ತೋರಿಸುತ್ತಿದ್ದದ್ದು ಯಾವುದೋ ಜಲ್ಲಿ ಕ್ವಾರಿ, ಅದರ ಹಿಂದೆ ಪೈನ್ ಮರಗಳು. ಶೆರಿಫ್ ಕುದುರೆಯಿಂದ ಇಳಿದ. ನೀವು ಕಾಯಿ ಬಿಡಿಸುವುದನ್ನು ನಿಲ್ಲಿಸಿದಿರಿ.

“ತಡಿ. ಹಿಂದಕ್ಕೆ ಹಾಕು. ಇವನ ಕೋಟಿನ ಎದೆ ಜೇಬು ಬಲಗಡೆ ಐತಲ್ಲ?”

“ಇದ್ರೆ ಏನಾಯ್ತು ಅತ್ತೆ?”

“ಗಂಡಸ್ರ ಕೋಟಿಗೆ ಎದೆ ಜೇಬು ಎಡಗಡೆ ಕಣಮ್ಮ. ಬಟ್ಟೆ ಮಾಸಿದ್ಮೇಲೆ ಹೊಲಿಗೆ ಎಲ್ಲಾ ಬಿಚ್ಚಿ, ಒಳಮೈ ಹೊರಗೆ ತಿರುಗ್ಸಿ ಹೊಲೀತಾರೆ. ಆಗ ಜೇಬು ಈ ಕಡೆ ಬಂದ್ಬಿಡುತ್ತೆ. ಮೊನ್ನೆ ಒಬ್ಬ ಕಳ್ಳ ಬಂದಿದ್ನಲ್ಲ, ಇನ್ನೊಂದು ಸಿನಿಮಾದಲ್ಲಿ? ಅವನದೂ ಇದೇ ಕೋಟು. ಮೊಣಕೈ ಹತ್ರ ತೇಪೆ ನೋಡು.”

ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕಳ್ಳನ ಕೋಟಿನ ಜೇಬು ಎಡಕ್ಕಿತ್ತು, ಶೆರಿಫನದು ಬಲಕ್ಕೆ. ತೇಪೆಯ ಆಕಾರ ಒಂದೇ, ಅದೂ ತೋಳು ಬದಲಿಸಿತ್ತು. ಬೇರೆ ಬೇರೆ ಕಂಪನಿಗಳ ಹೆಸರಿದ್ದ ಎರಡು ಚಿತ್ರಗಳಿಗೂ ಬಟ್ಟೆ ಹೋದದ್ದು ಒಂದೇ ಪೆಟ್ಟಿಗೆಯಿಂದ! ಶೆರಿಫನ ಚಿತ್ರವೇ ಮೊದಲು ಬಂದದ್ದೆಂದು ಎಲ್ಲರೂ ಬರೆದಿದ್ದರು. ತಿರುಗಿಸಿ ಹೊಲಿದ ಕೋಟು ಮೊದಲು ಬರುವುದು ಹೇಗೆ? ಕಳ್ಳನ ಚಿತ್ರವೇ ಮೊದಲಿನದಾಗಿರಬೇಕು. ಮೈಸೂರಿನ ಒಂದು ಗಲ್ಲಿಯಲ್ಲಿ ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ನೀವು ಇಷ್ಟನ್ನೂ ಕಾಯಿ ಬಿಡಿಸುತ್ತ ಹೇಳಿಬಿಟ್ಟಿರಿ. ಗೈಡ್ ಮತ್ತೆ ವಿಷಯ ಬದಲಿಸುವ ಮಾತೆತ್ತಲಿಲ್ಲ.

ಪರ್ತ್‌ನ ಸಮ್ಮೇಳನದಲ್ಲಿ ನಾನು ಆ ವಿಷಯ ಮಂಡಿಸಿದ ದಿನ ನೀವು ಹಿಂದಿನ ಸಾಲಿನಲ್ಲಿದ್ದಿರಿ. ಅಷ್ಟು ಹೊತ್ತಿಗೆ ನೀವು ಅದೇ ಊರಿನ ಪಿಯಾರಾ ವಾಟರ್ಸ್ ಬಡಾವಣೆಗೆ, ನಿಮ್ಮ ಹಿರಿಮಗ ಭಾವನವರ ಮನೆಗೆ ಹೋಗಿದ್ದಿರಿ. ಅವರೇ ಗಣಿ ಕೆಲಸಕ್ಕೆ ರಜ ಹಾಕಿ ನಿಮ್ಮನ್ನು ಕರೆತಂದಿದ್ದರು. ನಾನು ವೇದಿಕೆಯ ಮೇಲೆ ನಿಂತು, “ಐ ನೋಟೀಸ್ಡ್” ಎಂದೆ. ನಾನು ಗಮನಿಸಿದೆ ಎಂದೆ, ಅತ್ತೆ. ಒಂದಲ್ಲ, ಮೂರು ಸಲ. ಜನ ಚಪ್ಪಾಳೆ ತಟ್ಟಿದರು, ನೀವೂ ತಟ್ಟಿದಿರಿ.

ಕಾರಿನಲ್ಲಿ ನೀವು ಹೇಳಿದ್ದು ಇಷ್ಟೇ: “ಚೆನ್ನಾಗಿ ಮಾತಾಡ್ದೆ ಕಣಮ್ಮ. ನನ್ನ ಹೆಸ್ರು ಮಾತ್ರ ಕೇಳಿಸ್ಲಿಲ್ಲ.”

“ಅಲ್ಲಿ ಅದೆಲ್ಲ ಹೇಳೋ ಪದ್ಧತಿ ಇಲ್ಲ ಅತ್ತೆ,” ಎಂದೆ. ಅದು ಸುಳ್ಳು. ಭಾವನ ಮಗಳು ಹಿಂದಿನಿಂದ, “ಬಟ್ ಅಜ್ಜಿ ಫೌಂಡ್ ಇಟ್!” ಎಂದಳು. ಕನ್ನಡದಲ್ಲಿ ಒಂದು ಮಾತನ್ನೂ ಆಡದ ಆ ಹುಡುಗಿಗೆ ನ್ಯಾಯ ಗೊತ್ತಿತ್ತು. ನೀವು ಅವಳ ತಲೆ ಸವರಿ ಕಿಟಕಿಯಾಚೆ ನೋಡಿದಿರಿ. ಆ ಕ್ಷಣವೇ ತಪ್ಪಾಯಿತು ಅಂದಿದ್ದರೆ...

ನೀವು ಮೈಸೂರಿಗೆ ಮರಳಿದ ಮೇಲೆ ಎಷ್ಟು ಸಲ ಫೋನಿನಲ್ಲಿ ಮಾತಾಡಿದೆವು! ಊಟ, ಹವೆ, ಮಂಡಿನೋವು ಎಲ್ಲ ಬಂತು. ಆ ಮಾತೊಂದು ಬರಲಿಲ್ಲ. ಮುಂದಿನ ಸಲ ಬಂದಾಗ ಎದುರಿಗೇ ಹೇಳೋಣ ಅಂದುಕೊಂಡೆ. ಆ ಮುಂದಿನ ಸಲಕ್ಕೆ ನೀವು ಬರಲಿಲ್ಲ. ನಿಮ್ಮ ಹದಿಮೂರನೇ ದಿನ ನಿಮ್ಮ ಹೊಲಿಗೆ ಅಂಗಡಿಯ ಹೆಂಗಸರು ನನ್ನ ಸುತ್ತ ಕೂತು, “ಸಿನಿಮಾದ ಕೋಟು ನೀವು ಕಂಡುಹಿಡಿದಿದ್ದನ್ನ ದಿನಾ ಹೇಳೋರು. ಸೊಸೆ ಬಲು ಜಾಣೆ ಅನ್ನೋರು,” ಎಂದಾಗ ನಾನು ಎದ್ದು ಹಿತ್ತಲಿಗೆ ಹೋದೆ.

ಅಡಿಲೇಡ್‌ನಲ್ಲಿ ಹೋದ ವರ್ಷ ಮತ್ತೆ ಮಾತಾಡಿದೆ. ಈ ಸಲ ಮೊದಲ ವಾಕ್ಯದಲ್ಲೇ ನಿಮ್ಮನ್ನು ಕರೆತಂದೆ. ಇದನ್ನು ಕಂಡವರು ನನ್ನ ಅತ್ತೆ ಸರೋಜಮ್ಮ. ಪರ್ತ್‌ನಲ್ಲಿ ಅವರ ಹೆಸರು ಬಿಟ್ಟದ್ದು ನನ್ನ ತಪ್ಪು ಎಂದೆ. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ನಿಮ್ಮ ಬಗ್ಗೆಯೇ. ಆ ಪ್ರಬಂಧ ಈಗ ಅಚ್ಚಾಗಿದೆ, ನಮ್ಮಿಬ್ಬರ ಹೆಸರಿನಲ್ಲಿ, ನಿಮ್ಮದು ಮೊದಲು.

ಮೊನ್ನೆ ಫಿನ್‌ಲ್ಯಾಂಡಿನ ಚಿತ್ರ ಭಂಡಾರದಿಂದ ಒಬ್ಬಾಕೆ ಫೋನ್ ಮಾಡಿದ್ದರು. ಪಟ್ಟಿಯಲ್ಲಿ ಆ ಎರಡು ಚಿತ್ರಗಳ ಅನುಕ್ರಮವನ್ನು ಬದಲಿಸುತ್ತಿದ್ದಾರಂತೆ. ಕೆಳಗೆ ನಿಮ್ಮ ಹೆಸರೂ ಇರುತ್ತದಂತೆ. ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಆಕೆ ಬರೆದುಕೊಂಡರು.

“ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕೋಣವೋ, ಪ್ರೊಫೆಸರ್ ಅಂತಲೋ?” ಎಂದು ಕೇಳಿದರು.

“ಎರಡೂ ಬೇಡ,” ಎಂದೆ. “ಟೈಲರ್ ಅಂತ ಹಾಕಿ.”

ನಿಮ್ಮ ಸೊಸೆ