ಸೀಗಡಿಗೆ ಕೆನೆ ಹಾಕಿದ ಭಾನುವಾರ

ಹಾನಗಲ್,
18 ಫೆಬ್ರವರಿ 2025, ಮಂಗಳವಾರ

ವಿದ್ಯಾಶ್ರೀಯ ಅಪ್ಪನಿಗೆ,

ರಾಜಶ್ರೀಯ ನಮಸ್ಕಾರ. ಕೈಯಲ್ಲಿ ಫೋನು ಇಟ್ಟುಕೊಂಡು ಇವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದವನ್ನು ನೀವು ನಡುವೆ ಕಟ್ ಮಾಡಲಾರಿರಿ. ನಾನೂ ಬಾಯಿಗೆ ಬಂದದ್ದನ್ನು ಒಮ್ಮೆ ಓದಿ ಹೊಡೆದು ಹಾಕಬಹುದು. ಮೂರು ಹಾಳೆ ಹರಿದ ಮೇಲೆ ಇದು ನಾಲ್ಕನೆಯದು.

ಅತ್ತೆ ಆರಾಮಾಗಿದ್ದಾರೆ. ಮೊಣಕಾಲು ನೋವು ಎನ್ನುತ್ತಲೇ ಆಡೂರಿಗೆ ಎರಡು ಸಲ ಹೋಗಿ ಬಂದರು. ನನ್ನ ಬಿಸಿಯೂಟದ ಕೆಲಸ ನಡೆದಿದೆ. ಈ ವರ್ಷ ಶಾಲೆಯಲ್ಲಿ ನೂರಿಪ್ಪತ್ತು ಮಕ್ಕಳು. ನಿಮ್ಮ ಮಗಳು ಏಳನೆಯ ಇಯತ್ತೆಯಲ್ಲಿದ್ದರೂ ನನ್ನ ಭುಜಕ್ಕೆ ಬಂದಿದ್ದಾಳೆ.

ಅವಳಿಂದಲೇ ಇದೆಲ್ಲ ಶುರುವಾಯಿತು. ಹೋದ ವಾರ ಶಾಲೆಯಲ್ಲಿ ತಂದೆಯ ಕೆಲಸದ ಬಗ್ಗೆ ಹತ್ತು ಸಾಲು ಬರೆಯಲು ಹೇಳಿದ್ದರಂತೆ. ಪುಸ್ತಕ ಎತ್ತಿಡುವಾಗ ನೋಡಿದೆ, ನಾಲ್ಕೇ ಸಾಲು ಬರೆದಿದ್ದಳು. ನನ್ನ ಅಪ್ಪ ಗೋವಾದ ಹೋಟೆಲಿನಲ್ಲಿ ಅಡುಗೆ ಮಾಡುತ್ತಾರೆ, ಅವರ ಸೀಗಡಿ ಪಾಸ್ತಾ ತಿನ್ನಲು ದೂರದೂರದ ಜನ ಬರುತ್ತಾರೆ, ಅದಕ್ಕೆ ಖಾರ ಮತ್ತು ಕೆನೆ ಎರಡೂ ಹಾಕುತ್ತಾರೆ, ಅದರ ರುಚಿ ನನಗೆ ಗೊತ್ತಿಲ್ಲ ಎಂದು.

ಪುಸ್ತಕ ಮುಚ್ಚಿಟ್ಟೆ. ಊಟಕ್ಕೆ ಕೂತಾಗ ಅವಳೇ ಕೇಳಿದಳು.

“ಅವ್ವಾ, ಅಪ್ಪ ಮನ್ಯಾಗ ಒಮ್ಮೆನೂ ಯಾಕ ಅಡಗಿ ಮಾಡಿಲ್ಲ?”

ವರ್ಷಕ್ಕೆರಡು ಸಲ ಬರುವವರಿಗೆ ಮನೆಯಲ್ಲಾದರೂ ವಿಶ್ರಾಂತಿ ಬೇಡವೇ ಎಂದೆ. “ಹಂಗಾರ ನೀನರ ಮಾಡು” ಎಂದಳು.

ನಿಮಗೆ ಎರಡು ಸಲ ಫೋನು ಮಾಡಿದೆ. ನೀವು ಎತ್ತಲಿಲ್ಲ. ಕೊನೆಗೆ, ನಿಮ್ಮ ಹೋಟೆಲಿನಲ್ಲಿ ಒಲೆಯ ಮುಂದೆ ನಿಲ್ಲುವ ಸವಣೂರಿನ ಮುಬಶೀರನನ್ನು ಕೇಳಿದೆ. ಪಾಪ, ನಿಧಾನವಾಗಿ ಒಂದೊಂದೇ ಹೇಳಿದ. ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಕೊನೆಗೆ ಒತ್ತಿ ಹೇಳಿದ್ದ: “ಕೆನಿ ಹಾಕೂ ಮುಂದ ಒಲಿ ಬಂದ್ ಮಾಡ್ರಿ ಭಾಬಿ. ಇಲ್ಲಂದ್ರ ಒಡಿತೈತಿ.”

ಭಾನುವಾರ ಬಂದೇಸಾಬ ಕುಮಟಾದಿಂದ ಐಸಿನ ಡಬ್ಬಿಯಲ್ಲಿ ಮೀನು ತರುತ್ತಾನಲ್ಲ, ಅವನಿಗೆ ಮೊದಲೇ ಹೇಳಿಟ್ಟು ಅರ್ಧ ಕಿಲೋ ಸೀಗಡಿ ತರಿಸಿದೆ. ಕೆರೆಮೀನು ಬಿಟ್ಟು ಬೇರೆ ಮುಟ್ಟಿದವಳಲ್ಲ ನಾನು. ಬೆನ್ನಿನ ಕರಿ ದಾರ ಎಳೆಯುವುದನ್ನು ಅವನೇ ತೋರಿಸಿಕೊಟ್ಟ. ಪಾಸ್ತಾ ಬಜಾರದಲ್ಲಿ ಸಿಕ್ಕಿತು. ಅತ್ತೆ ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ನೋಡಿ, “ಇದು ಪಾಯಸಕ್ಕ ಹಾಕೂ ನಮ್ಮ ಗವಲಿನ ಬಿಡು, ಹೊಟ್ಟಿ ತೂತು ಬಿದ್ದೈತಿ ಅಷ್ಟ” ಎಂದರು.

ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಸಿ ರುಬ್ಬಿದೆ. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಬಿದ್ದಾಗ ಓಣಿಯವರೆಲ್ಲ ಬಾಗಿಲಿಗೆ ಬಂದರು. ಸೀಗಡಿ ಎರಡೇ ನಿಮಿಷಕ್ಕೆ ಕೆಂಪಾಗಿ ಮುದುಡಿಕೊಂಡವು; ತೆಗೆದು ಬದಿಗಿಟ್ಟೆ. ಅದೇ ಪಾತ್ರೆಗೆ ಖಾರ, ಟೊಮೆಟೊ. ಎಲ್ಲ ಸರಿಯಾಗಿಯೇ ಇತ್ತು. ಎಮ್ಮೆಹಾಲಿನ ಕೆನೆಯ ಬಟ್ಟಲು ಕೈಗೆತ್ತಿಕೊಂಡೆ, ನೋಡಿ, ಅತ್ತೆ ಕೂತಲ್ಲಿಂದ ಎದ್ದರು.

“ಏ ತಂಗಿ! ಮೀನಿನ ಜೋಡಿ ಹಾಲ ತಿಂದ್ರ ಮೈಮ್ಯಾಲ ತೊನ್ನ ಬರ್ತೈತಿ. ಹುಡುಗಿಗಿ ನಾಳೆ ಲಗ್ನ ಮಾಡಬೇಕೋ ಬ್ಯಾಡೋ?”

“ಅಪ್ಪ ದಿನಾ ಸಾವಿರ ಮಂದಿಗಿ ಮಾಡ್ತಾನ, ಯಾರಿಗಿ ಬಂದೈತಿ?” ಎಂದು ನಿಮ್ಮ ಮಗಳು.

ಅಜ್ಜಿ ಮೊಮ್ಮಗಳ ವಾದ ಬಿಡಿಸುವ ಗಡಿಬಿಡಿಯಲ್ಲಿ ಒಲೆ ಆರಿಸುವುದನ್ನು ಮರೆತು ಕೆನೆ ಸುರಿದುಬಿಟ್ಟೆ. ಒಡೆಯಿತು. ಅಕ್ಕಿನುಚ್ಚಿನ ಹಾಗೆ ಕಾಳುಕಾಳಾಯಿತು. ನೂರಿಪ್ಪತ್ತು ಮಕ್ಕಳ ಸಾರು ಕೆಡಿಸದವಳು ಮೂರು ಜನರ ಅಡುಗೆ ಕೆಡಿಸಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಪಾಸ್ತಾ ಬೇಯಿಸಿದ ನೀರು ಒಂದು ಸೌಟು ಹಾಕಿ ತಿರುವಿದೆ. ಅರ್ಧ ಕೂಡಿಕೊಂಡಿತು, ಅರ್ಧ ಇಲ್ಲ.

ಆದರೂ ಪಾಸ್ತಾ, ಸೀಗಡಿ ಅದಕ್ಕೇ ಬೆರೆಸಿ ಉಂಡೆವು. ಖಾರ ನಾಲಗೆಗೆ ತಾಗುವ ಮೊದಲು ಕೆನೆ ತಣ್ಣಗೆ ಬಂದು ಹೋಗುತ್ತದೆ, ಆಮೇಲೆ ಖಾರ. ವಿದ್ಯಾ ಎರಡು ಸಲ ಹಾಕಿಸಿಕೊಂಡಳು. ಅತ್ತೆ ಮೊದಲು ರೊಟ್ಟಿಯ ತುದಿಯನ್ನು ಅದ್ದಿ ನೋಡಿದರು, ಆಮೇಲೆ ತಟ್ಟೆ ಮುಂದೆ ಸರಿಸಿದರು. “ನನ್ನ ಮಗನ ಕೈಯಾಗ ಇದು ಇನ್ನೂ ಚಲೋ ಆಗಿರತೈತಿ” ಎಂದಷ್ಟೇ ಹೇಳಿ ಕೈ ತೊಳೆದರು.

ಸಂಜೆ ಮುಬಶೀರ ತಾನೇ ಫೋನು ಮಾಡಿ, ಹೇಗಾಯಿತು ಎಂದು ಕೇಳಿದ. ಕೆನೆ ಒಡೆದದ್ದು ಹೇಳಿದೆ. ನಕ್ಕ. ನಾನು, ಒಡೆದದ್ದನ್ನು ಪೂರಾ ಸರಿಮಾಡುವುದು ಹೇಗೆಂದು ನಮ್ಮ ಮನೆಯವರನ್ನೇ ಕೇಳಿ ಹೇಳು, ನನ್ನ ಜೊತೆ ಅವರು ಮಾತಾಡುವುದಿಲ್ಲ ಎಂದೆ. ಅವನು ದನಿ ತಗ್ಗಿಸಿದ.

“ಭಾಬಿ, ಫಕ್ಕೀರೇಶಣ್ಣ ಒಲಿ ಮುಂದ ನಿಲ್ಲೋದ ಬಿಟ್ಟು ನಾಲ್ಕು ತಿಂಗಳಾತು. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ.”

ಉಳಿದದ್ದನ್ನೂ ಅವನ ಬಾಯಿಂದಲೇ ಹೊರಡಿಸಿದೆ. ಅವನ ಮೇಲೆ ಸಿಟ್ಟಾಗಬೇಡಿ. ಅಕ್ಟೋಬರಿನಲ್ಲಿ ಕಾದ ಎಣ್ಣೆಯ ಬಾಣಲೆ ಜಾರಿದ್ದು, ಬಲಗೈಯ ಮೂರು ಬೆರಳು ಈಗ ಮಡಚುವುದಿಲ್ಲ ಎಂಬುದು, ನೀವು ಹಿಂದಿನ ಕೋಣೆಯಲ್ಲಿ ಸಾಮಾನು ಕಾಯುತ್ತ ಕೂಡುವುದು, ಎಲ್ಲ.

ನಾನು ಹಿತ್ತಲಿಗೆ ಹೋಗಿ ಕೂತೆ. ವಿಡಿಯೋದಲ್ಲಿ ಮುಖ ತೋರಿಸಿ ಎಂದರೆ ನೆಟ್‌ವರ್ಕ್ ಇಲ್ಲ ಎಂದಿರಿ. ದೀಪಾವಳಿಗೆ ಬನ್ನಿ ಎಂದರೆ ಸೂಟಿ ಇಲ್ಲ ಎಂದಿರಿ. ನಾನು ಏನು ತಿಳಿದುಕೊಂಡೆ ಎಂದು ಈಗ ಒಪ್ಪಿಕೊಳ್ಳುತ್ತೇನೆ: ಅಲ್ಲಿ ಬೇರೆ ಯಾರೋ ಇದ್ದಾರೆ ಎಂದು. ಅದೇ ಹೊಟ್ಟೆಕಿಚ್ಚಿಗೆ ಡಿಸೆಂಬರಿನಲ್ಲಿ, “ಅಲ್ಲೇ ಇದ್ದುಬಿಡ್ರಿ, ಇನ್ನ ಈ ಮನಿಗೆ ಬರೋದ ಬ್ಯಾಡ” ಎಂದುಬಿಟ್ಟೆ. ಸುಟ್ಟ ಕೈಯಲ್ಲಿ ಫೋನು ಹಿಡಿದವರಿಗೆ ಆ ಮಾತು ಆಡಿದೆ. ಅದನ್ನು ಹೊಡೆದು ಹಾಕಲು ನನ್ನ ಹತ್ತಿರ ಪೆನ್ನಿಲ್ಲ.

ಆದರೆ ನಿಮ್ಮ ಮೇಲೂ ನನಗೆ ಸಿಟ್ಟಿದೆ. ನನ್ನ ಮುಂಗೈಗೆ ಸಾರಿನ ಪಾತ್ರೆ ತಾಗಿದಾಗ ಊದಿ ಊದಿ ಬೆಣ್ಣೆ ಸವರಿದವರು ನೀವು. ಅಂಥ ನನ್ನಿಂದ ಮುಚ್ಚಿಡುವಂಥ ಕೈ ಯಾವುದು? ಅಡುಗೆ ಬರೀ ಬೆರಳಲ್ಲಿದೆ ಎಂದು ನಿಮಗೆ ಯಾರು ಹೇಳಿದರು? ಕೆನೆ ಯಾವಾಗ ಹಾಕಬೇಕೆಂಬುದು ತಲೆಯಲ್ಲಿದೆ. ನೀವು ಹೇಳಿ, ನಾನು ತಿರುವುತ್ತೇನೆ. ಹೋಟೆಲಿನವರಿಗೆ ನಿಮ್ಮ ಮೂರು ಬೆರಳು ಬೇಕಿದ್ದವು. ನಮಗೆ ನೀವು ಬೇಕು.

ಅತ್ತೆಗೆ, ವಿದ್ಯಾಗೆ ಇನ್ನೂ ಹೇಳಿಲ್ಲ.

ನಿಮ್ಮ ದಾರಿ ಕಾಯುವ,
ರಾಜಶ್ರೀ

ತಾ.ಕ.: ಗುರುವಾರ, ಮಧ್ಯಾಹ್ನ. ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರಬೇಕು. ಇದನ್ನು ಮುಬಶೀರನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಗೋವಾದ ಬಸ್ಸು ಹತ್ತಿದ ಮೇಲೆ ಇಬ್ಬರಿಗೂ ಹೇಳಿದೆ. ಅತ್ತೆ ಘಟ್ಟ ಇಳಿಯುವ ತನಕ ಅತ್ತರು. ಈಗ ಮೂವರೂ ಹೋಟೆಲಿನ ಎದುರು ಉಸುಕಿನಲ್ಲಿ ಕೂತಿದ್ದೇವೆ. ಇಷ್ಟು ದೊಡ್ಡ ಕೆರೆಯನ್ನು ಯಾರು ಕಟ್ಟಿಸಿದರು ಎಂದು ಅತ್ತೆ ಕೇಳುತ್ತಿದ್ದಾರೆ. ಅವಸರವೇನಿಲ್ಲ, ಕೆಲಸ ಮುಗಿಸಿಕೊಂಡೇ ಬನ್ನಿ. ಕೈ ಮಾತ್ರ ಕಿಸೆಯಲ್ಲಿ ಇಟ್ಟುಕೊಂಡು ಬರಬೇಡಿ.