ಗಂಗೋತ್ರಿ ಮನೆಯ ಬಾಗಿಲು ಚೌಕಟ್ಟು

ಜನವರಿ 22, ಬುಧವಾರ. ಬೆಳಿಗ್ಗೆ

ಮತ್ತೆ ಸರಿಬರಲಿಲ್ಲ. ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ. ಮೂರು ನೂಲು ವ್ಯತ್ಯಾಸ. ಇಂಚಿಗೆ ಎಂಟು ನೂಲು, ಅದರಲ್ಲಿ ಮೂರು ಅಂದರೆ ಕಡಿಮೆಯೇನಲ್ಲ. ನಾಳೆ ಬಾಗಿಲು ಹೊಸ್ತಿಲಿಗೆ ಉಜ್ಜುತ್ತದೆ. ಮೂಲೆಮಟ್ಟ ಇಟ್ಟರೆ ನಾಲ್ಕೂ ಮೂಲೆ ಸರಿ ಅನ್ನುತ್ತದೆ. ಅದರದೇನು, ಗೇಣುದ್ದದ ಕಬ್ಬಿಣ. ಏಳಡಿಯ ಸುಳ್ಳು ಅದಕ್ಕೆಲ್ಲಿ ಗೊತ್ತಾಗಬೇಕು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಬೇಕು. ಎರಡೂ ಕರ್ಣ ಸಮ ಬಂದರೆ ಚೌಕಟ್ಟು ಚೌಕ. ಇಲ್ಲದಿದ್ದರೆ ಬರೀ ನಾಲ್ಕು ಕಟ್ಟಿಗೆ.

ಟೇಪ್ ಹಿಡಿಯಲು ಇಬ್ಬರು ಬೇಕು. ಕೊಕ್ಕೆ ಸಿಕ್ಕಿಸಿ ಈ ಕಡೆ ಬರುವುದರೊಳಗೆ ಆ ಕಡೆ ಕಳಚಿ ಬೀಳುತ್ತದೆ. "ಹಿಡೀರಿ ಸ್ವಲ್ಪ" ಅಂದೆ. ಬಾಯಿಂದ ತಾನೇ ಬಂತು. ಇವರು ಹೋದ ಮೇಲೆ ಎರಡು ಸಂಕ್ರಾಂತಿ ಕಳೆದವು, ಬಾಯಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಕೊನೆಗೆ ಮೊಳೆ ಹೊಡೆದು ಟೇಪ್ ಸಿಕ್ಕಿಸಿದೆ.

ಗಂಗೋತ್ರಿ ಫೋನ್.

"ಯವ್ವ, ಆತೇನು? ಬಾಗ್ಲ ನಿಲ್ಸೋ ಮುಹೂರ್ತ ಫೆಬ್ರವರಿ ಏಳಕ್ಕ ಐತಿ."

"ಆಗ್ತೈತಿ ಬಿಡು. ನಿಮ್ಮಪ್ಪನಂಗ ಅವಸರ ಮಾಡಬ್ಯಾಡ."

ನಕ್ಕಳು. ಸಂಡೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಅಳಿಯ ಯಲ್ಲೇಶ್ ದೋಣಿಮಲೈ ಗಣಿಯ ಸ್ಟಾಫ್ ಬಸ್ಸಿನ ಡ್ರೈವರ್. ರೆಡಿಮೇಡ್ ಚೌಕಟ್ಟು ತಂದರಾಯಿತು ಅಂದಿದ್ದನಂತೆ. ಇವಳೇ ಹಠ ಹಿಡಿದಳು, ನಮ್ಮವ್ವನೇ ಮಾಡಬೇಕು ಅಂತ. ಕೇಳಿ ಹೊಟ್ಟೆ ತಣ್ಣಗಾಯಿತು.

ಜನವರಿ 25

ಬಂತು! ಎರಡೂ ಕರ್ಣ ಸಮ.

ಉದ್ದ ಬಂದ ಕರ್ಣದ ಮೂಲೆಗೆ ಹಲಗೆತುಂಡು ಆನಿಸಿ ಕೊಡತಿಯಿಂದ ಒಂದು ಪೆಟ್ಟು, ಮತ್ತೆ ಅಳತೆ. ಮತ್ತೆ ಪೆಟ್ಟು. ಹೆಚ್ಚು ಹೊಡೆದರೆ ಆ ಕಡೆ ಹೋಗುತ್ತದೆ, ಕಡಿಮೆ ಹೊಡೆದರೆ ಮಿಸುಕುವುದಿಲ್ಲ. ಮಧ್ಯಾಹ್ನದವರೆಗೂ ಇದೇ ಪೂಜೆ.

ಯಾರಿಗೆ ಹೇಳುವುದು. ಬೀದಿಯಲ್ಲಿ ಸೊಪ್ಪಿನವಳು ಹೋಗುತ್ತಿದ್ದಳು. ಕರೆದು ತೋರಿಸಿದೆ. "ಚಂದ ಐತಬೇ" ಅಂದಳು, "ಪಾಲಕ್ ಕೊಡ್ಲೇನು?" ಅಂದಳು. ಬೇಡವಾಗಿತ್ತು. ತಗೊಂಡೆ. ಇನ್ನೆರಡು ನಿಮಿಷ ನಿಲ್ಲಲಿ ಅಂತ.

ಮೇಲಿನ ಮೂಲೆಯಿಂದ ಎದುರಿನ ಕೆಳಮೂಲೆಗೆ ಉದ್ದಕ್ಕೆ ಅಡ್ಡಪಟ್ಟಿ ಬಡಿದೆ. ಸಾಗಿಸುವಾಗ, ಎತ್ತುವಾಗ ಓರೆಯಾಗದಂತೆ ಹಿಡಿಯುವುದು ಅದೇ. ಸುತ್ತ ಗೋಡೆ ಏಳುವವರೆಗೂ ತೆಗೆಯುವ ಹಾಗಿಲ್ಲ. ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ — ಕೀಳಬೇಡಿ.

ಜನವರಿ 30

ಕಂಪ್ಲಿಯಿಂದ ಒಬ್ಬರು ಬಂದಿದ್ದರು, ಕಿಟಕಿಗಳು ಬೇಕಂತೆ.

"ಮೇಸ್ತ್ರಿ ಇಲ್ಲೇನ್ರಿ?"

"ನಾನೇ ರೀ."

"ಅಲ್ರೀ, ಕೆಲ್ಸ ಮಾಡೋರು?"

"ಅದನ್ನೂ ನಾನೇ ಮಾಡ್ತೀನ್ರಿ."

ಚಿತ್ತವಾಡ್ಗಿಯಲ್ಲಿ ಬೇರೆ ಕೆಲಸವಿದೆ, ಮುಗಿಸಿ ಬರುತ್ತೇನೆ ಅಂದರು. ಬರಲಿಲ್ಲ. ಬರುವುದೂ ಇಲ್ಲ. ಕಾಳಪ್ಪ ಮೇಸ್ತ್ರಿಯ ಹೆಂಡತಿ ಅಂದರೆ ಚಹಾ ಕೊಡುವವಳು ಅಂದುಕೊಂಡಿದ್ದಾರೆ ಎಲ್ಲರೂ.

ಫೆಬ್ರವರಿ 6

ಚೌಕಟ್ಟು ಹೊಸಪೇಟೆಯಿಂದ ಸಂಡೂರಿಗೆ ಗೂಡ್ಸ್ ಆಟೋದಲ್ಲಿ ಹೋಯಿತು. ಶೆಡ್ಡು ಭಣಭಣ.

ಸಂಜೆ ಗಂಗೋತ್ರಿ ಫೋನ್. "ಯವ್ವ, ನಾಳೆ ಪೂಜಿ ಹೊತ್ತಿನ್ಯಾಗ... ಸ್ವಲ್ಪ ಹಿಂದ ನಿಂದ್ರು. ನಮ್ಮತ್ತಿ ಏನೂ ಅಂದಿಲ್ಲ ಮತ್ತ. ಮಂದಿ ಬಾಯಿ..."

"ಗಂಡ ಸತ್ತೋಳು ಎಲ್ಲಿ ನಿಂದ್ರಬೇಕು ಅಂತ ನನಗ ಗೊತ್ತಿಲ್ಲೇನಲೇ."

ಹಾಗನ್ನಬಾರದಿತ್ತು. ಆ ಕಡೆ ಅತ್ತಳೋ ಏನೋ. ನೀಲಿ ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ.

ಫೆಬ್ರವರಿ 7, ಶುಕ್ರವಾರ. ಸಂಜೆ

ಈಗ ಬಂದೆ.

ಚೌಕಟ್ಟು ನಿಲ್ಲಿಸಿ ಬೊಂಬು ಆನಿಸಿದ್ದರು. ಹೊಸ್ತಿಲ ಕೆಳಗೆ ನವಧಾನ್ಯ. ಮುತ್ತೈದೆಯರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ನಾನು ಜಲ್ಲಿ ರಾಶಿಯ ಹಿಂದೆ, ಬೇವಿನ ಗಿಡದ ಕೆಳಗೆ. ಬೀಗತಿ ತಾಯಕ್ಕ ಕುರ್ಚಿ ಕಳಿಸಿದಳು, ಚಹಾ ಕಳಿಸಿದಳು. ಕೆಟ್ಟವಳಲ್ಲ. ಅವಳನ್ನು ಕೆಟ್ಟವಳು ಅನ್ನಲು ಬಂದಿದ್ದರೆ ಎಷ್ಟು ಸಲೀಸಾಗಿತ್ತು.

ಅಡ್ಡಪಟ್ಟಿ ಅವಳ ಕಣ್ಣಿಗೆ ಬಿತ್ತು.

"ಲೇ ಯಲ್ಲೇಶಾ, ತಲಬಾಕಲಿಗೆ ಅಡ್ಡ ಬಡದಾರಲ್ಲೋ! ಲಕ್ಷ್ಮಿ ಹೆಂಗ ಒಳಗ ಬರ್ಬೇಕು? ಕೀಳು ಮೊದ್ಲು."

"ಬ್ಯಾಡ್ರೀ!" ಅಂತ ಕೂಗಿದೆ. ಮಂತ್ರ, ಗಂಟೆ, ಅದಿರಿನ ಲಾರಿಗಳ ಸದ್ದು — ಯಾರಿಗೂ ಕೇಳಲಿಲ್ಲ. ಯಲ್ಲೇಶ್ ಕಿತ್ತೇಬಿಟ್ಟ. ಬರೆದದ್ದನ್ನು ಓದಿದನೋ ಇಲ್ಲವೋ. ಒಬ್ಬೊಬ್ಬರೂ ಬಂದು ಕಂಬ ಒತ್ತಿ ಒತ್ತಿ ಅರಿಶಿನ ಹಚ್ಚಿದರು. ಮೇಲ್ಭಾಗ ಮೆಲ್ಲಗೆ ಎಡಕ್ಕೆ ಸರಿಯಿತು. ಕುಂತಲ್ಲಿಂದಲೇ ಕಂಡಿತು ನನಗೆ.

ಗಾರೆ ಮೇಸ್ತ್ರಿ ಲಿಂಗರಾಜ್ ಸಿಮೆಂಟ್ ಕಲಸಿ ಕಾಯುತ್ತಿದ್ದ. ಮುಹೂರ್ತ ಮೀರುವುದರೊಳಗೆ ಎರಡೂ ಕಡೆ ಇಟ್ಟಿಗೆ ಏರಬೇಕು. ಏರಿದರೆ ಮುಗಿಯಿತು. ಮುಹೂರ್ತದಲ್ಲಿ ನಿಲ್ಲಿಸಿದ ತಲಬಾಗಿಲನ್ನು ಮತ್ತೆ ಕೀಳುವಂತಿಲ್ಲ. ಆ ಮನೆ ಇರುವಷ್ಟು ದಿನ ಓರೆ ಬಾಗಿಲು. ನನ್ನ ಮಗಳು ದಿನಾ ಬೆಳಿಗ್ಗೆ ಅದನ್ನು ಎತ್ತಿ ಎತ್ತಿ ತೆಗೆಯಬೇಕು.

ಸುಮ್ಮನಿರು ಯಮನಮ್ಮ, ಅಂದುಕೊಂಡೆ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು. ಗಂಗೋತ್ರಿ ಕೂಡ ನನ್ನ ಕಡೆ ನೋಡಿದಳು, ಕಣ್ಣಲ್ಲೇ ಬೇಡ ಅಂದಳು. ಲಿಂಗರಾಜ್ ಮೊದಲ ಇಟ್ಟಿಗೆ ಎತ್ತಿಕೊಂಡ.

"ತಡೀರಿ ಮೇಸ್ತ್ರಿ! ಓರಿ ಆಗೇತಿ!"

ಹೋಗಿ ಎರಡೂ ಕೈಯಿಂದ ಚೌಕಟ್ಟು ಹಿಡಿದೆ. ಅಂಗೈಗೆ ಹಸಿ ಅರಿಶಿನ ಹತ್ತಿತು. ಗಂಟೆ ನಿಂತಿತು. ಎಲ್ಲರೂ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಲಿಂಗರಾಜ್ ತಾಯಕ್ಕನ ಮುಖ ನೋಡಿದ, ಆಮೇಲೆ ಟೇಪ್ ಹಿಡಿದ.

"ಹೌದ್ರಿ. ಮುಕ್ಕಾಲು ಇಂಚು ಫರಕ್ ಐತಿ."

ಪೆಟ್ಟು ಹಾಕಿ, ಅಳೆದು, ಸರಿ ಮಾಡಿ ಪಟ್ಟಿ ಮತ್ತೆ ಬಡಿದೆವು.

"ಇರ್ಲಿ ಬಿಡ್ರಿ ಬೀಗತ್ಯಾರ, ಆಗಿದ್ದಾತು" ಅಂದಳು ತಾಯಕ್ಕ. ಹೋಗಿ ಪೂಜೆಯ ಅಯ್ನೋರ ಕಿವಿಯಲ್ಲಿ ಏನೋ ಹೇಳಿದಳು. ನೀರು ಚಿಮುಕಿಸಿದರು. ನಾನು ಮುಟ್ಟಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೊದಲಿನಿಂದ ಅರಿಶಿನ ಹಚ್ಚಿದರು. ಒರೆಸಿದವಳು ಗಂಗೋತ್ರಿ.

ನಲ್ಲಿ ಹತ್ತಿರ ಕೈ ತೊಳೆಯುತ್ತಿದ್ದೆ. ಬಂದಳು.

"ಸಂಜಿಮಟ ತಡೀಲಿಕ್ಕ ಆಗ್ತಿರಲಿಲ್ಲೇನು ಯವ್ವ?"

"ಸಂಜಿಗೆ ಗ್ವಾಡಿ ಏರಿರ್ತಿತ್ತು."

"ಏರಿದ್ರ ಏರ್ಲಿ. ಓರಿ ಬಾಗ್ಲ ಇಟ್ಕಂಡು ಬಾಳೇವು ಮಾಡೋರು ಯಾರೂ ಇಲ್ಲೇನು? ಈ ಮನ್ಯಾಗ ನಾ ಇರಬೇಕು. ನೀ ಅಲ್ಲ."

ಊಟ ಮಾಡದೆ ಬಸ್ ಹತ್ತಿದೆ. ತಡೆಯಲಿಲ್ಲ ಯಾರೂ.

ಫೆಬ್ರವರಿ 9

ನನ್ನದೇನು ತಪ್ಪು? ಏನೂ ಇಲ್ಲ. ಹತ್ತು ಸಲ ಕೇಳಿಕೊಂಡೆ, ಹತ್ತು ಸಲವೂ ಇಲ್ಲ ಅಂತಲೇ ಬಂತು. ಆದರೂ ತಟ್ಟೆಯ ಅನ್ನ ನಾಯಿಗೆ ಹಾಕಿದೆ.

ಫೆಬ್ರವರಿ 21

ಫೋನ್ ಇಲ್ಲ. ನಾನೇ ಮಾಡಿದೆ. ಯಲ್ಲೇಶ್ ಎತ್ತಿದ. "ಅರಾಮ ಅದೀರೇನ್ರಿ ಅತ್ತಿ? ಆಕಿ ನೀರು ಹಿಡಿಯಾಕ ಹೋಗ್ಯಾಳ್ರಿ." ಹಿಂದೆ ಅವಳ ದನಿ ಕೇಳುತ್ತಿತ್ತು.

ಮಾರ್ಚ್ 30

ಯುಗಾದಿ. ಒಬ್ಬಳಿಗೆ ಹೋಳಿಗೆ ಮಾಡುತ್ತಾರೆಯೇ. ಮಾಡಲಿಲ್ಲ. ಡ್ಯಾಂ ಕಡೆ ಬಸ್ಸಿನಲ್ಲಿ ಸುಮ್ಮನೆ ಹೋಗಿ ಬಂದೆ. ಪಕ್ಕದ ಸೀಟಿನವಳು "ಯಾವೂರಿಗ್ರಿ?" ಅಂದಳು. ಮಗಳ ಮನೆಗೆ ಅಂದೆ. ಹೊಸ ಮನೆ, ತೇಗದ ತಲಬಾಗಿಲು, ಭಾಳ ಮಸ್ತ್ ಅಂತೆಲ್ಲ ಹೇಳಿದೆ. ಡ್ಯಾಂ ಸ್ಟಾಪಿನಲ್ಲಿ ಅವಳು ಇಳಿಯುವವರೆಗೂ ಹೇಳಿದೆ. ಅವಳು ಹೋದ ಮೇಲೆ ಇಳಿದೆ.

ಮೇ 17

ಗಂಗೋತ್ರಿ! ತಾನೇ ಮಾಡಿದಳು.

"ಯವ್ವ, ಬಾಗ್ಲ ಕುಂದ್ರಿಸಿದ್ರು. ಒಂದು ಬೆರಳಿನಿಂದ ದಬ್ಬಿದ್ರ ಮುಚ್ಚತೈತಿ. ಎಲ್ಲೂ ಉಜ್ಜಂಗಿಲ್ಲ. ಲಿಂಗರಾಜ್ ಮೇಸ್ತ್ರಿ ಅಂದ್ರು, ಅವತ್ತು ನಿಮ್ಮವ್ವಾರು ತಡೀಲಿಲ್ಲಂದ್ರ ಕೆಟ್ಟೇ ಹೋಗ್ತಿತ್ತು ಅಂತ."

"ನಿಮ್ಮತ್ತಿ ಇದ್ರೇನು ಅವಾಗ?"

"ಇದ್ರು."

"ಏನಂದ್ರು?"

"...ಊಟ ಆತೇನವ್ವ ನಿಂದು?"

ಆಯಿತು ಅಂದೆ. ಆಗಿರಲಿಲ್ಲ. ಫೋನ್ ಇಟ್ಟ ಮೇಲೆ ಎರಡು ರೊಟ್ಟಿ ತಿಂದೆ. ಎಷ್ಟು ದಿನಕ್ಕೋ ರುಚಿ ಹತ್ತಿತು.

ಜೂನ್ 2

ಗೃಹಪ್ರವೇಶ ಆರನೇ ತಾರೀಖು. "ಆರಕ್ಕ ಭಾಳ ಮಂದಿ ಇರ್ತಾರ ಯವ್ವ, ನಿನಗ ಕುಂದ್ರಾಕೂ ಜಾಗ ಸಿಗಂಗಿಲ್ಲ. ಏಳಕ್ಕ ಬಾ. ಎರಡು ದಿನ ಇದ್ದು ಹೋಗಂತಿ."

ಹೆತ್ತವಳಿಗೆ ಗೊತ್ತಾಗದೇ. ಸುಳ್ಳು ಹೇಳುವಾಗ ಇವಳ ದನಿ ಸಣ್ಣಗಾಗುತ್ತದೆ, ಚಿಕ್ಕಂದಿನಿಂದಲೂ. ಆಗಲಿ ಬಿಡವ್ವ ಅಂದೆ. ಏಳೂ ಒಳ್ಳೆಯ ದಿನವೇ.

ಜೂನ್ 6, ಶುಕ್ರವಾರ. ಮಧ್ಯಾಹ್ನ

ಕೆಲಸ ಹಚ್ಚಿಲ್ಲ ಇವತ್ತು. ಬ್ಯಾಗ್ ತುಂಬಿಟ್ಟಿದ್ದೇನೆ. ಅವಳಿಗೆ ಸೀರೆ, ಕುಪ್ಪಸದ ಬಟ್ಟೆ, ಅಳಿಯನಿಗೆ ಟವೆಲ್, ತಾಯಕ್ಕನಿಗೆ ಎಲೆ ಅಡಿಕೆ.

ಗಂಗೋತ್ರಿ ವಿಡಿಯೋ ಕಳಿಸಿದ್ದಾಳೆ. ತೋರಣ, ಹೂವು. ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ ತೋರಿಸುತ್ತಾಳೆ. ಎಷ್ಟು ಹಗುರಕ್ಕೆ ಹೋಗಿ ಕೂರುತ್ತದೆ. ನೋಡಿ ಕಣ್ಣು ತುಂಬಿ ಬಂತು. ಇವರು ಇರಬೇಕಿತ್ತು.

ಎರಡನೇ ಸಲ ದನಿ ಜೋರು ಮಾಡಿಕೊಂಡು ನೋಡಿದೆ. ಹಿಂದೆ ಯಾರೋ ಹೆಂಗಸು ಕೇಳುತ್ತಾಳೆ, "ಬಾಗ್ಲ ಭಾಳ ಚಂದ ಕುಂತೈತಿ. ಯಾರು ಮಾಡಿದ್ರವ್ವ?"

ಗಂಗೋತ್ರಿಯ ದನಿ. "ಹೊಸಪ್ಯಾಟ್ಯಾಗ ಒಬ್ರು ಅದಾರ್ರಿ. ಅವರು ಮಾಡಿಕೊಟ್ರು."

ಕಳಿಸುವ ಮೊದಲು ಕೇಳಿಸಿಕೊಂಡಿರಲಿಕ್ಕಿಲ್ಲ. ಗಡಿಬಿಡಿ, ಮನೆ ತುಂಬ ಜನ.

ಈಗ ಫೋನ್ ಬಂದಿತ್ತು. "ನೋಡಿದೇನವ್ವ?" ನೋಡಿದೆ, ಚಂದ ಐತಿ ಅಂದೆ. "ನಾಳೆ ಬರ್ತೀಯಲ್ಲ?" ಬರ್ತೀನಿ ಅಂದೆ.

ಏಳೂವರೆ ಬಸ್ಸಿಗೆ ಹೋದರೆ ಬಿಸಿಲೇರುವುದರೊಳಗೆ ಸಂಡೂರು. ಹೊಸ ಮನೆ ನೋಡಲು ಓಣಿಯ ಹೆಂಗಸರು ನಾಳೆಯೂ ಬರುತ್ತಿರುತ್ತಾರೆ. ನೀವು ಯಾರ್ರಿ, ಏನಾಗಬೇಕು ಇವರಿಗೆ ಅಂತ ಕೇಳೇ ಕೇಳುತ್ತಾರೆ. ಗಂಗೋತ್ರಿ ಪಕ್ಕದಲ್ಲೇ ನಿಂತಿರುತ್ತಾಳೆ. ಅವಳು ಬಾಯಿ ತೆಗೆಯುವ ಮೊದಲೇ ನಾನು ಅಂದುಬಿಡುತ್ತೇನೆ, ಇವಳವ್ವ ರೀ, ಈ ಬಾಗ್ಲ ಮಾಡಿದಾಕೀನೂ ನಾನೇ ರೀ.