ಮಲಗದ ಗೊಂಬೆ

ಕಲೂರ್, ದಸರಾ ಮುಗಿದ ವಾರ

ಅಕ್ಕನಿಗೆ ದಿನಕರನ ನಮಸ್ಕಾರ.

ನನ್ನ ಗೊಂಬೆ ಹುಚ್ಚಿಗೆ ಈವರೆಗೆ ಆದ ಖರ್ಚು: ನನ್ನ ಎರಡು ಪಂಚೆ, ನಾಗವೇಣಿಯ ರೇಷ್ಮೆ ಸೀರೆಯ ಸೆರಗು, ಮೂರು ದಿಂಬಿನ ಹತ್ತಿ, ಆಫೀಸಿನಲ್ಲಿದ್ದ ಅಲ್ಪಸ್ವಲ್ಪ ಮರ್ಯಾದೆ. "ಈ ವಯಸ್ಸಿಗೆ ಗೊಂಬೆಯಾಟವೇನ್ರೀ?" ಎಂದು ನಕ್ಕ ನಾಗವೇಣಿಯೇ ಈ ದಸರೆಗೆ ನಾನು ಹೊಲಿದ ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸಿದಳು.

ಅವುಗಳಲ್ಲೊಂದು ಹುಡುಗಿ ಗೊಂಬೆ. ಯಾರ ಮುಖವನ್ನೂ ನೆನೆದು ಹೊಲಿದದ್ದಲ್ಲ. ನೋಡಲು ಬಂದ ಪಕ್ಕದ ಮನೆಯ ಮಗು, "ಅಂಕಲ್, ಈ ಕುಟ್ಟಿಯುಡೆ ಪೇರೆಂದಾ?" ಎಂದು ಮಲಯಾಳದಲ್ಲಿ ಅದರ ಹೆಸರು ಕೇಳಿತು. "ಮೇದಿನಿ" ಅಂದುಬಿಟ್ಟೆ. ನಿನ್ನ ಮಗಳು ತೀರಿಕೊಂಡ ಮೇಲೆ ನಮ್ಮಿಬ್ಬರ ಮನೆಯಲ್ಲೂ ಯಾರೂ ಆಡದ ಹೆಸರು. ಫೋನಿನಲ್ಲಿ ಹೇಳಿದರೆ ನೀನು ಇಟ್ಟುಬಿಡುತ್ತೀಯ, ಅದಕ್ಕೇ ಈ ಪತ್ರ.

ವಿಜಯದಶಮಿಯ ರಾತ್ರಿ ಪದ್ಧತಿಯಂತೆ ಗೊಂಬೆಗಳನ್ನೆಲ್ಲ ಮಲಗಿಸಿದೆವು. ಬೆಳಿಗ್ಗೆ ನೋಡಿದರೆ ಅವಳೊಬ್ಬಳು ಎದ್ದು ಕೂತಿದ್ದಳು. ಸೊಂಟಕ್ಕೆ ಹತ್ತಿ ಹೆಚ್ಚಾಗಿರಬೇಕೆಂದು ಬಿಚ್ಚಿ, ತೆಗೆದು, ಮತ್ತೆ ಹೊಲಿದೆ. ಮರುದಿನವೂ ಕೂತಿದ್ದಳು. "ಪೆಟ್ಟಿಗೆಗೆ ಹಾಕಿ ಮುಚ್ಚಿಬಿಡಿ" ಅಂತಾಳೆ ನಾಗವೇಣಿ. ನನ್ನ ಕೈಲಾಗುತ್ತಿಲ್ಲ.

ಭಾನುವಾರ ಕಳಕ್ಕೂಟಂನಿಂದ ಬೆಳಗಿನ ರೈಲು ಹಿಡಿದು ಬಾ. ಮೇದಿನಿಯ ಹಳದಿ ಹೊದಿಕೆ ನಿನ್ನ ಬೀರುವಿನಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತು. ತೆಗೆದುಕೊಂಡು ಬಾ, ಅದಿಲ್ಲದೆ ಅವಳು ನಿದ್ದೆ ಮಾಡುತ್ತಿರಲಿಲ್ಲ. ನೀನೇ ಮಲಗಿಸು.

ಇನ್ನು ಲಾಭದ ಲೆಕ್ಕ. ಪಕ್ಕದ ಮನೆಯ ಮಗುವಿಗೆ ಎರಡು ಸಲ ಕಡಲೆ ಉಸಲಿ ಸಿಕ್ಕಿತು. ನಾಗವೇಣಿಗೆ ನನ್ನನ್ನು ಆಡಿಕೊಳ್ಳಲು ಜೀವಮಾನಕ್ಕಾಗುವಷ್ಟು ಸರಕು ಸಿಕ್ಕಿತು. ನನಗೆ ಒಂದು ಹೆಸರನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬಂತು. ನಿನ್ನ ಪಾಲಿನದು ಸೋಫಾದ ಮೇಲೆ ಕೂತಿದೆ, ಬಾಗಿಲ ಕಡೆ ಮುಖಮಾಡಿ.

ನಿನ್ನ ತಮ್ಮ,
ದಿನಕರ